ನೂರಾ ಹನ್ನೆರಡರ ನಂತರದ ಪುಟ

ಆ ತಿಂಗಳ ಪಾರ್ಸೆಲ್‌ಗಳನ್ನು ಬಿಚ್ಚುವಾಗ ಮೂರನೆಯ ಕಟ್ಟಿನಲ್ಲಿ ಮಾಸ್ತರರ ಪುಸ್ತಕ ಸಿಕ್ಕಿತು. ಕತ್ತರಿಯನ್ನು ಮೇಜಿನ ಮೇಲಿಟ್ಟೆ. ಎದ್ದು ಹೋಗಿ ವಾಚನಾಲಯದ ಬಾಗಿಲು ಮುಂದಕ್ಕೆ ಮಾಡಿ ಬಂದೆ. ಆಮೇಲೆ ಕುರ್ಚಿಯಲ್ಲಿ ಕೂತು ಒಬ್ಬಳೇ ನಕ್ಕೆ. ಒಂಬತ್ತು ವರ್ಷ ಕಾದಿದ್ದೆ ನಾನು ಈ ಪುಸ್ತಕಕ್ಕಾಗಿ.

ನಮ್ಮ ಸಂಘದ ವಾಚನಾಲಯ ಇರುವುದು ಹಿಮಾಯತ್‌ನಗರದಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಕಡಿದಾದ ಮೆಟ್ಟಿಲು, ಒಂದೇ ಕಿಟಕಿ. ಸಂಜೆ ನಾಲ್ಕರಿಂದ ಎಂಟರವರೆಗೆ ನಾನು ಅಲ್ಲಿರುತ್ತೇನೆ. ಕನ್ನಡದ ಪ್ರಕಾಶಕರು ಹೊಸ ಪುಸ್ತಕಗಳ ಎರಡೆರಡು ಪ್ರತಿ ಕಳಿಸುತ್ತಾರೆ. ಅವುಗಳಲ್ಲಿ ಏಳನ್ನು ಆರಿಸಿ 'ಈ ತಿಂಗಳ ಏಳು' ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಕತೆ, ಕವಿತೆ, ಪ್ರವಾಸ, ವಿಜ್ಞಾನ, ಮಕ್ಕಳದು, ಅಡುಗೆಯದು, ಹೀಗೆ ಬಗೆಬಗೆಯವು ಇರಬೇಕು. ಒಂದೊಂದು ಪುಸ್ತಕಕ್ಕೆ ಮೂರೇ ಸಾಲು: ಒಳಗೆ ಏನಿದೆ, ಯಾರಿಗೆ ಹಿಡಿಸುತ್ತದೆ, ಅನುಮಾನವಿದ್ದವರು ಯಾವ ಪುಟದಿಂದ ಶುರುಮಾಡಬೇಕು. ತಿಂಗಳ ಕೊನೆಯ ಭಾನುವಾರ ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ. ಓದಿ ಹೇಳಲೇಬೇಕು, ಯಾಕೆಂದರೆ ಬೀದರ, ಕಲಬುರಗಿ ಕಡೆಯಿಂದ ಬಂದು ಇಲ್ಲೇ ಬೆಳೆದ ನಮ್ಮ ಅರ್ಧ ಜನರಿಗೆ ಕನ್ನಡ ಬಾಯಲ್ಲಿದೆ, ಕಣ್ಣಿಗೆ ತೆಲುಗು ಅಕ್ಷರವೇ ರೂಢಿ. ಮನೆಯಲ್ಲಿ ಓದಬಲ್ಲ ಅತ್ತೆಯೋ ಅಜ್ಜನೋ ಇದ್ದರೆ ಪುಸ್ತಕ ಒಯ್ದು ಓದಿಸಿಕೊಂಡು ಕೇಳುತ್ತಾರೆ. ಹಾಗಾಗಿ ಪಟ್ಟಿಯ ಮಾತನ್ನು ಅವರು ನಂಬುತ್ತಾರೆ. ನಂಬಿಕೆ ಇರುವ ಕಡೆ ಒಂದು ಸಾಲು ಸುಳ್ಳು ಬರೆದರೂ ಒಂದು ಪುಸ್ತಕ ಸತ್ತುಹೋಗುತ್ತದೆ. ಇದನ್ನು ನಾನು ಬೇರೆಯವರನ್ನು ನೋಡಿ ಕಲಿತದ್ದಲ್ಲ.

ನಾನು ಸುಲ್ತಾನ್ ಬಜಾರಿನ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಹತ್ತೊಂಬತ್ತು ವರ್ಷ ನಿಂತು ಕೆಲಸ ಮಾಡಿದವಳು. ಸೀರೆ ತಂದು ತೋರಿಸಿದರೆ ಅದಕ್ಕೆ ಹೊಂದುವ ಕುಪ್ಪಸದ ಬಟ್ಟೆ, ಲೈನಿಂಗ್, ಫಾಲ್ ತೆಗೆದುಕೊಡುವ ಅಂಗಡಿ ಅದು. ಅಲ್ಲಿಗೆ ಬಂದ ಹೆಂಗಸರ ಬಗ್ಗೆ ಒಂದು ಪುಸ್ತಕ ಬರೆದೆ. ಆಗ ಈ ಪಟ್ಟಿ ಮಾಡುತ್ತಿದ್ದವರು ಮಾಸ್ತರರು. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ನಮ್ಮ ಸಂಘದಲ್ಲಿ ಅವರ ಮಾತಿಗೆ ಎದುರಿಲ್ಲ. ಅವರ ಪಟ್ಟಿಯ ಕೆಳಗೆ 'ಓದದಿದ್ದರೂ ನಡೆಯುತ್ತದೆ' ಎಂದು ಒಂದು ವಿಭಾಗವಿರುತ್ತಿತ್ತು. ಅದರಲ್ಲಿ ನನ್ನ ಪುಸ್ತಕಕ್ಕೆ ಮೂರು ಸಾಲು ಬಂತು. ಸುಲ್ತಾನ್ ಬಜಾರಿನ ಅಂಗಡಿಯೊಂದರ ವಿವರಗಳು. ಇಲ್ಲಿ ಬಟ್ಟೆಯ ಅಳತೆ ಇದೆ, ಹೆಣ್ಣಿನ ನೋವಿನ ಅಳತೆ ಇಲ್ಲ. ಲೇಖಕಿ ಕೌಂಟರಿನಾಚೆ ಇಣುಕಿಯೂ ನೋಡಿಲ್ಲ.

ಭಾನುವಾರದ ಸಭೆಯಲ್ಲಿ ಅದನ್ನು ಅವರೇ ಓದಿದರು. ನಾನು ಎರಡನೆಯ ಸಾಲಿನಲ್ಲಿ ಹೊಸ ಸೀರೆ ಉಟ್ಟುಕೊಂಡು ಕೂತಿದ್ದೆ. ಒಂದಿಬ್ಬರು ನಕ್ಕರು. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ಒಂದು ವಾರದ ಮೇಲೆ ಅವರು ಓದಿದ ಪ್ರತಿ ಕಪಾಟಿಗೆ ವಾಪಸು ಬಂತು. ಎತ್ತಿ ನೋಡಿದೆ. ಪುಸ್ತಕ ಅಚ್ಚಾಗುವುದು ಹದಿನಾರು ಹದಿನಾರು ಪುಟಗಳ ಫಾರಂಗಳಲ್ಲಿ. ದೊಡ್ಡ ಹಾಳೆಯನ್ನು ಮಡಿಸಿ, ಜೋಡಿಸಿ, ಕೊನೆಗೆ ಮೂರು ಬದಿ ಕತ್ತರಿಸುತ್ತಾರೆ. ಆ ಪ್ರತಿಯಲ್ಲಿ ನಾಲ್ಕನೆಯ ಫಾರಂ ಒಂದಿಷ್ಟು ಕೆಳಗೆ ಜಾರಿ, ಅದರ ಮೇಲ್ತುದಿಗೆ ಕತ್ತರಿ ತಾಗಿರಲಿಲ್ಲ. ನಲವತ್ತೊಂಬತ್ತರಿಂದ ಅರವತ್ತನಾಲ್ಕರವರೆಗೆ ಹಾಳೆಗಳು ತಲೆಗೆ ತಲೆ ಅಂಟಿಕೊಂಡಿದ್ದವು. ನಾಲ್ಕು ಕಡೆ ಕೊಯ್ಯದೆ ಅವನ್ನು ಬಿಡಿಸಿ ಓದುವಂತಿರಲಿಲ್ಲ. ಯಾರೂ ಕೊಯ್ದಿರಲಿಲ್ಲ. ಹೆಣ್ಣಿನ ನೋವು ಅಂತ ನಾನೇನು ಬರೆದಿದ್ದೆನೋ ಅದು ಇದ್ದದ್ದೇ ಆ ಹದಿನಾರು ಪುಟಗಳಲ್ಲಿ.

ನಾನು ಜಗಳ ತೆಗೆಯಲಿಲ್ಲ. ಆ ಪ್ರತಿಗೆ ಬದಲಾಗಿ ಬೇರೊಂದು ಪ್ರತಿ ಕಪಾಟಿಗಿಟ್ಟು, ಅದನ್ನು ಮನೆಗೆ ಒಯ್ದು ಟ್ರಂಕಿನಲ್ಲಿಟ್ಟೆ. ಆಮೇಲೆ ಒಂದು ಸಾಲೂ ಬರೆಯಲಿಲ್ಲ. ಪೆನ್ನು ಹಿಡಿದರೆ ಆ ಮೂರು ಸಾಲು ಎದುರಿಗೆ ಬಂದು ಕೂರುತ್ತಿದ್ದವು. ಮಾಸ್ತರರಿಗೆ ಮೊಣಕಾಲು ನೋವು ಶುರುವಾಗಿ ಮೆಟ್ಟಿಲು ಹತ್ತಲಾಗದೆ ಪಟ್ಟಿ ಬಿಟ್ಟಾಗ, ಸಂಘದವರು ಬಿಡುವಿದ್ದವರು ಯಾರೆಂದು ಹುಡುಕಿದರು. ನಾನು ಕೈ ಎತ್ತಿದೆ. ಎಲ್ಲರೂ ಅದನ್ನು ಕನ್ನಡದ ಸೇವೆ ಎಂದುಕೊಂಡರು. ಸೇವೆಯೂ ಇಲ್ಲ, ಮಣ್ಣೂ ಇಲ್ಲ. ಬರೆಯುವ ಮನುಷ್ಯ, ಇವತ್ತಲ್ಲ ನಾಳೆ ಅವರ ಪುಸ್ತಕ ಈ ಮೇಜಿಗೆ ಬಂದೇ ಬರುತ್ತದೆ ಎಂಬುದಷ್ಟೇ ನನ್ನ ಲೆಕ್ಕವಾಗಿತ್ತು.

ಕೂತ ಮೊದಲ ದಿನವೇ ಎರಡು ನಿಯಮ ಮಾಡಿದ್ದೆ. ಕೊನೆಯ ಪುಟದವರೆಗೆ ಓದದ ಪುಸ್ತಕದ ಬಗ್ಗೆ ಪಟ್ಟಿಯಲ್ಲಿ ಒಂದಕ್ಷರವೂ ಬರಕೂಡದು. ಎರಡನೆಯದು, ಒಬ್ಬರ ಮಾತಿನ ಮೇಲೆ ಯಾವ ಪುಸ್ತಕವೂ ಒಳಗೆ ಬರಕೂಡದು, ಹೊರಗೂ ಹೋಗಕೂಡದು. ಒಂದು ಪ್ರತಿ ನಾನು ಓದುತ್ತೇನೆ, ಇನ್ನೊಂದನ್ನು ಬೇರೊಬ್ಬರು. ಇಬ್ಬರೂ ಒಂದೊಂದು ಚೀಟಿಯಲ್ಲಿ 'ಹೌದು' ಅಥವಾ 'ಬೇಡ' ಎಂದು ಬರೆದು, ಕಾರಣ ಕೊಟ್ಟು, ಲಕೋಟೆಯಲ್ಲಿ ಹಾಕುತ್ತೇವೆ. ಇಬ್ಬರದೂ ಮುಗಿಯುವ ತನಕ ಲಕೋಟೆ ಬಿಚ್ಚುವಂತಿಲ್ಲ.

ಆ ಇನ್ನೊಬ್ಬ ಓದುಗ ಯಾದಗಿರಿ ಕಡೆಯವನು, ಹೊಸ ಕಟ್ಟಡಗಳ ನೆಲಕ್ಕೆ ಫರಶಿ ಕಲ್ಲು ಹಾಸುವವನು. ಎಂಟನೆಯ ತರಗತಿಗೆ ಶಾಲೆ ಬಿಟ್ಟ ಅವನು ಈಗ ಸಿಕ್ಕಿದ್ದನ್ನೆಲ್ಲ ಓದುತ್ತಾನೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಫರಶಿ ಕಲ್ಲಿನ ಮೇಲೆಯೇ ಪುಸ್ತಕ ಹರಡಿ ಓದುತ್ತಾನಂತೆ. ಅವನು ವಾಪಸು ತರುವ ಪುಸ್ತಕಗಳಲ್ಲಿ ಬಿಳಿ ಸಿಮೆಂಟಿನ ಪುಡಿ ಇರುತ್ತದೆ, ಆ ಪುಡಿ ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ಓದಿದ್ದಾನೆ ಎಂದು ಕಣ್ಣು ಮುಚ್ಚಿ ಹೇಳಬಹುದು.

ಆ ತಿಂಗಳು ಬಂದವು ಹದಿಮೂರು. ರಾಯಚೂರಿನ ಹುಡುಗಿಯೊಬ್ಬಳ ಕವಿತೆಗಳು, ಕೆರೆಯ ಹಕ್ಕಿಗಳ ಬಗ್ಗೆ ಒಂದು, ಮರಾಠಿಯಿಂದ ಬಂದ ದಪ್ಪ ಕಾದಂಬರಿ, ಮಕ್ಕಳಿಗೆ ಲೆಕ್ಕ ಕಲಿಸುವ ಕತೆಗಳು, ಜೋಳದ ಅಡುಗೆಗಳ ಪುಸ್ತಕ, ಹೃದಯದ ಡಾಕ್ಟರೊಬ್ಬರ ಅನುಭವ. ಮತ್ತೆ ಇದು. ಮಾಸ್ತರರು ಹೈದರಾಬಾದಿನಲ್ಲಿ ಕನ್ನಡ ಕಲಿಸಿದ ವರ್ಷಗಳ ಕತೆ. ಹದಿನೈದು ದಿನದ ಹಿಂದೆಯಷ್ಟೇ ಅದರ ಬಿಡುಗಡೆ ಆಗಿತ್ತು. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದೆ. ಮುಖ್ಯ ಅತಿಥಿಗಳು, ನಿವೃತ್ತ ಎಂಜಿನಿಯರು, ಮೈಕಿನ ಮುಂದೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ತೀರಿಹೋದ ಹೆಂಡತಿಯ ಮೇಲೆ ಮಾಸ್ತರರು ಬರೆದ ಅಧ್ಯಾಯ ಓದಿ ತಾವು ಊಟ ಬಿಟ್ಟಿದ್ದಾಗಿ ಹೇಳಿದರು. ಮಾಸ್ತರರು ವೇದಿಕೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ನನಗೇನೂ ಅನಿಸಲಿಲ್ಲ.

ಈಗ ಪುಸ್ತಕವನ್ನು ತಿರುಗಿಸಿ ನೋಡಿ, ತೆರೆಯುವುದಕ್ಕೆ ಮುಂಚೆಯೇ ಚೀಟಿ ತೆಗೆದು ಮೂರು ಸಾಲು ಬರೆದೆ. ಹಾಜರಿ ಪುಸ್ತಕದ ವಿವರಗಳು. ಇಲ್ಲಿ ಪಾಠವಿದೆ, ಬದುಕಿಲ್ಲ. ಲೇಖಕರು ಕರಿಹಲಗೆಯಾಚೆ ಇಣುಕಿಯೂ ನೋಡಿಲ್ಲ. ಓದಿ ನೋಡಿದೆ. ಬಾಯಿಗೆ ಬೆಲ್ಲ ಹಾಕಿಕೊಂಡಂತಾಯಿತು. ಆಮೇಲೆ ನನ್ನ ನಿಯಮ ನೆನಪಾಯಿತು. ಹಾಳಾದ ನಿಯಮ, ನಾನೇ ಮಾಡಿದ್ದು. ಓದದೆ ಬರೆದರೆ ನನಗೂ ಅವರಿಗೂ ಏನು ಫರಕು ಉಳಿಯಿತು? ಚೀಟಿಯನ್ನು ಹರಿಯಲಿಲ್ಲ, ಮಡಿಸಿ ಪರ್ಸಿನಲ್ಲಿಟ್ಟೆ. ಓದಿಯೇ ಬರೆಯೋಣ, ಸಾಲುಗಳು ಎಲ್ಲಿ ಓಡಿಹೋಗುತ್ತವೆ ಎಂದುಕೊಂಡೆ.

ಪೆನ್ಸಿಲ್ ಚೂಪು ಮಾಡಿಕೊಂಡು ಕೂತೆ. ಅಷ್ಟು ಗಮನ ಕೊಟ್ಟು ಯಾವ ಪುಸ್ತಕವನ್ನೂ ಓದಿದವಳಲ್ಲ ನಾನು. ಒಂದೇ ಊರಿನ ಹೆಸರು ಎರಡು ಬಗೆಯಲ್ಲಿ ಬಂದಿದ್ದಕ್ಕೆ ಗೆರೆ ಎಳೆದೆ. ಹನ್ನೊಂದನೆಯ ಪುಟದಲ್ಲಿ ತಮ್ಮ ಎಂದವನು ನಲವತ್ತರಲ್ಲಿ ಅಣ್ಣನಾಗಿದ್ದ, ಅದಕ್ಕೂ ಎಳೆದೆ. ಆದರೆ ದಿನ ಕಳೆದಂತೆ ಪೆನ್ಸಿಲ್ ಸುಮ್ಮನೆ ಕೈಯಲ್ಲಿ ಉಳಿಯತೊಡಗಿತು. ತೆಲುಗು ಮಾಧ್ಯಮದ ಮಕ್ಕಳಿಗೆ ಎರಡೂ ಲಿಪಿಯ ತಲೆಕಟ್ಟು ತೋರಿಸಿ ನಗಿಸುತ್ತಾ ಕನ್ನಡ ಓದಿಸಿದ್ದು, ತರಗತಿಗೆ ಒಬ್ಬನೇ ವಿದ್ಯಾರ್ಥಿ ಉಳಿದಾಗ ಅವನ ಮನೆಗೇ ಹೋಗಿ ಪಾಠ ಮಾಡಿದ್ದು, ಚೆನ್ನಾಗಿ ಬರೆದಿದ್ದರು. ಹೊಟ್ಟೆ ಉರಿಯಿತು. ಕೆಟ್ಟದಾಗಿ ಬರೆದಿದ್ದರೆ ನನ್ನ ಕೆಲಸ ಎಷ್ಟು ಸುಲಭವಾಗುತ್ತಿತ್ತು!

ಐದನೆಯ ಸಂಜೆ ನೂರಾ ಹನ್ನೆರಡನೆಯ ಪುಟಕ್ಕೆ ಬಂದೆ. ಕೊನೆಯ ವಾಕ್ಯ ಅರ್ಧಕ್ಕೆ ನಿಂತಿತ್ತು. ಹಾಳೆ ತಿರುವಿದರೆ ಹಿಂದಿನ ದಿನ ಓದಿದ್ದೇ ಎದುರಿಗಿದೆ. ನಿದ್ದೆಗಣ್ಣಿನಲ್ಲಿ ಹಿಂದಕ್ಕೆ ತಿರುವಿದೆನೇನೋ ಅಂದುಕೊಂಡು ಪುಟಸಂಖ್ಯೆ ನೋಡಿದೆ. ತೊಂಬತ್ತೇಳು. ಮುಂದೆ ತೊಂಬತ್ತೆಂಟು. ಹಾಗೇ ಹೋಗಿ ಮತ್ತೆ ನೂರಾ ಹನ್ನೆರಡು, ಆಮೇಲೆ ಒಂದೇ ನೆಗೆತಕ್ಕೆ ನೂರಾ ಇಪ್ಪತ್ತೊಂಬತ್ತು. ಏಳನೆಯ ಫಾರಂ ಎರಡು ಸಲ ಬಂದಿತ್ತು, ಎಂಟನೆಯದು ಇರಲೇ ಇಲ್ಲ.

ಪರಿವಿಡಿ ತೆಗೆದು ಬೆರಳಿಟ್ಟು ನೋಡಿದೆ. 'ನನ್ನ ಮನೆಯಾಕೆ', ಪುಟ ನೂರಾ ಹದಿನಾಲ್ಕು. ಅದರ ಮುಂದಿನ ಅಧ್ಯಾಯ ನೂರಾ ಇಪ್ಪತ್ತೊಂಬತ್ತಕ್ಕೆ ಶುರು.

ಅಂದರೆ ಹೆಂಡತಿಯ ಅಧ್ಯಾಯ ಪುಸ್ತಕದಲ್ಲಿಲ್ಲ. ಇಲ್ಲದ ಅಧ್ಯಾಯವನ್ನು ಓದಿ ಎಂಜಿನಿಯರು ಊಟ ಬಿಟ್ಟಿದ್ದರು.

ಮೈಯೆಲ್ಲ ಬಿಸಿಯಾಯಿತು. ಆದರೆ ಮ್ಯಾಚಿಂಗ್ ಅಂಗಡಿಯವಳಿಗೆ ಒಂದು ಅಭ್ಯಾಸವಿದೆ. ಒಳಗಿನ ದೀಪದಲ್ಲಿ ನೋಡಿದ ಬಣ್ಣವನ್ನು ನಂಬುವುದಿಲ್ಲ, ಬಾಗಿಲಿಗೆ ಒಯ್ದು ಬಿಸಿಲಲ್ಲಿ ನೋಡಬೇಕು. ತಪ್ಪು ನನ್ನ ಪ್ರತಿಯಲ್ಲಿ ಮಾತ್ರ ಇದ್ದರೆ ನನ್ನ ಆಟವೇ ಮುಗಿಯಿತು. ಮರುದಿನ ಬೇಗಂ ಬಜಾರಿಗೆ ಹೋದೆ. ಬಿಡುಗಡೆಯ ಖರ್ಚು ವಹಿಸಿಕೊಂಡ ಬೇಳೆಯ ಸಗಟು ವ್ಯಾಪಾರಿ ಅಲ್ಲಿದ್ದಾರೆ, ನಮ್ಮ ಬೀದರ ಕಡೆಯವರೇ. ಸಂಘದ ಗ್ರೂಪಿನಲ್ಲಿ 'ಒಂದೇ ಉಸಿರಿಗೆ ಓದಿ ಮುಗಿಸಿದೆ' ಎಂದು ಬರೆದಿದ್ದರು.

"ಪುಸ್ತಕ ಜರಾ ಕೊಡ್ರಿ ಸಾವಕಾರ್ರ, ನನ್ನ ಪ್ರತಿ ಜೋಡಿ ತಾಳೆ ಮಾಡೋದೈತಿ" ಅಂದೆ.

"ತಗೋರಿ, ಅದಕ್ಕೇನು" ಎಂದು ದೇವರ ಫೋಟೋದ ಪಕ್ಕದಿಂದ ತೆಗೆದುಕೊಟ್ಟರು. ಪ್ಲಾಸ್ಟಿಕ್ ಹಾಳೆ ಇನ್ನೂ ಬಿಚ್ಚಿರಲಿಲ್ಲ.

"ಬಿಚ್ಚಲೇನ್ರಿ?"

ಅವರು ತಕ್ಕಡಿಯ ಕಡೆ ನೋಡಿದರು. "ಧೂಳ ಭಾಳ ಇಲ್ಲಿ, ಓದಿ ಮತ್ತ ಸುತ್ತಿ ಇಟ್ಟಿದ್ದೆ" ಅಂದರು. ನಾನು ಉಗುರಿನಿಂದ ಹಾಳೆ ಸೀಳಿದೆ. ನೂರಾ ಹನ್ನೆರಡರ ನಂತರ ತೊಂಬತ್ತೇಳು.

ಅಲ್ಲಿಂದ ಎಂಜಿನಿಯರ ಮನೆಗೆ. ಮಾಸ್ತರರ ಹಸ್ತಾಕ್ಷರ ನೋಡಬೇಕೆಂದು ಪುಸ್ತಕ ಕೇಳಿ ತೆಗೆದುಕೊಂಡೆ. ಅವರು ತಾವಾಗಿಯೇ ಶುರುಮಾಡಿದರು.

"ಆ ಮನೆಯಾಕಿ ಪಾಠ ಓದಿದ್ರೇನ್ರಿ ಬಾಯಾರ? ನಾ ಅಂತೂ ತಡಕೊಳ್ಳಾಕ ಆಗಲಿಲ್ಲ."

"ಇನ್ನೂ ಇಲ್ರಿ. ಯಾವ ಪುಟದಾಗ ಐತ್ರಿ ಅದು?"

"ಅದು… ನಡುವ ಎಲ್ಲೋ ಐತಿ, ನೋಡ್ರಿ. ಕನ್ನಡಕ ಇಲ್ಲ ಈಗ."

ಕನ್ನಡಕ ಅವರ ತಲೆಯ ಮೇಲೇ ಇತ್ತು. ಅವರ ಎದುರಿಗೇ ಪುಟ ತಿರುವಿದೆ. ನೂರಾ ಹನ್ನೆರಡು, ತೊಂಬತ್ತೇಳು. ಚಹ ಕುಡಿದು, ಧನ್ಯವಾದ ಹೇಳಿ ಎದ್ದೆ. ಪುಸ್ತಕದ ಒಳಪುಟದಲ್ಲಿದ್ದ ಮುದ್ರಣಾಲಯದ ನಂಬರಿಗೆ ಫೋನು ಮಾಡಿದೆ. ಅಲ್ಲಿಯವನು ಸ್ವಲ್ಪ ಹೊತ್ತು ಹುಡುಕಿ, ತಣ್ಣಗಿನ ದನಿಯಲ್ಲಿ, ಏಳನೆಯ ಫಾರಮ್ಮಿನ ಪ್ಲೇಟು ಎರಡು ಸಲ ತೆಗೆದುಬಿಟ್ಟಿದ್ದೇವೆ ಎಂದ. ಅಂದಮೇಲೆ ಅಚ್ಚಾದ ಅಷ್ಟೂ ಪ್ರತಿ ಹೀಗೇ. ಲೇಖಕರಿಗೆ ಹೇಳಿದ್ದೀರಾ ಎಂದು ಕೇಳಿದೆ. ಯಾರೂ ದೂರೇ ಕೊಟ್ಟಿಲ್ಲವಲ್ಲ ಮೇಡಂ, ಅಂದ.

ಯಾರೂ ದೂರು ಕೊಟ್ಟಿಲ್ಲ. ಪುಸ್ತಕ ಪಡೆದವರು, ಹಾರ ಹಾಕಿದವರು, ಗ್ರೂಪಿನಲ್ಲಿ ಕೈಮುಗಿದ ಚಿತ್ರ ಹಾಕಿದವರು, ಒಬ್ಬರೂ ನೂರಾ ಹನ್ನೆರಡು ದಾಟಿರಲಿಲ್ಲ. ಸಿಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಭಾನುವಾರಕ್ಕೆ ಮಾತು ಜೋಡಿಸತೊಡಗಿದೆ. ಸಭೆಯಲ್ಲಿ ಎಂಜಿನಿಯರನ್ನು ಎಬ್ಬಿಸಿ, ಸರ, ಆ ಅಧ್ಯಾಯದ ಎರಡು ಸಾಲು ಓದ್ರಿ ಎಂದು ಪುಸ್ತಕ ಕೈಗೆ ಕೊಡುವುದು. ಅವರು ಹುಡುಕಲಿ, ಜನ ನೋಡಲಿ, ಮಾಸ್ತರರು ಮುಂದಿನ ಕುರ್ಚಿಯಲ್ಲಿ ಕೂತು ನೋಡಲಿ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಎರಡು ಸಲ ಹೇಳಿ ನೋಡಿದೆ. ದನಿ ನಡುಗಬಾರದು, ನಗಬಾರದು. ಅಷ್ಟು ಖುಷಿಯಾಗಿ ನಾನು ಊಟ ಮಾಡಿ ವರ್ಷಗಳಾಗಿದ್ದವು.

ಅಷ್ಟರಲ್ಲಿ ಉಳಿದ ಪುಟಗಳನ್ನೂ ಕೊನೆಯವರೆಗೆ ಓದಿ ಮುಗಿಸಿದ್ದೆ. ಗುರುವಾರ ಫರಶಿಯವನು ಪುಸ್ತಕ ತಂದ. ಕೈಕಾಲು ತೊಳೆದು ಬಂದಿದ್ದ, ಆದರೂ ಹುಬ್ಬಿನಲ್ಲಿ ಸಿಮೆಂಟು ಉಳಿದಿತ್ತು. ಲಕೋಟೆ ಮೇಜಿನ ಮೇಲಿಟ್ಟು ನಿಂತೇ ಇದ್ದ.

"ಅಕ್ಕಾರ, ಚೀಟಿ ಬಿಚ್ಚೂಕಿಂತ ಮೊದಲ ಒಂದು ಮಾತು. ನಡುವ ಓದಿದ್ದ ಮತ್ತ ಬಂತ್ರಿ. ನನಗ ಹುಚ್ಚ ಹಿಡೀತೇನೋ ಅಂದ್ಕೊಂಡೆ."

"ನಿನಗ ಹಿಡದಿಲ್ಲ. ತಪ್ಪು ಪುಸ್ತಕದ್ದೈತಿ."

"ಮುಂದಿನ ಪಾಠ 'ಆಕೆ ಹೋದ ಮೇಲೆ' ಅಂತ ಶುರು ಆಗತೈತ್ರಿ. ಹೆಂಗ ಹೋದಳು, ಏನಾಗಿತ್ತು, ಒಂದೂ ಗೊತ್ತಿಲ್ಲ. ಸತ್ತ ಸುದ್ದಿ ಹೇಳದನ ತಿಥಿ ಊಟಕ್ಕ ಕರದಂಗ ಆತು." ಅವನು ಪುಸ್ತಕವನ್ನು ನನ್ನ ಕಡೆ ಸರಿಸಿದ. "ಆ ತಾಯಿ ಕತಿ ಓದಬೇಕಂತ ಎರಡು ದಿನ ಹಿಡದು ಓದೀನ್ರಿ ನಾನು. ಆ ಹಾಳಿ ಎಲ್ಲಿ ಸಿಗತಾವ?"

"ನೀ 'ಹೌದು' ಬರದೀ, 'ಬೇಡ' ಬರದೀ?" ಎಂದು ನನ್ನದೇ ನಿಯಮ ಮರೆತು ಕೇಳಿದೆ.

"ಹೌದು ಅಂತ ಬರದೀನಿ. ಚಲೋ ಐತ್ರಿ ಪುಸ್ತಕ. ಹಾಳಿ ಬಿಟ್ಟಿದ್ದು ಅವರ ತಪ್ಪಲ್ಲಲ್ರಿ."

ಅವನು ಹೋದ ಮೇಲೆ ಅವನು ತಂದ ಪ್ರತಿ ತೆರೆದು ನೋಡಿದೆ, ಸಿಮೆಂಟಿನ ಪುಡಿ ಕೊನೆಯ ಪುಟದವರೆಗೂ ಇತ್ತು. ಇಷ್ಟು ದಿನ ಆ ಹದಿನಾರು ಪುಟಗಳು ನನಗೆ ಬರೀ ಆಯುಧವಾಗಿದ್ದವು. ಒಬ್ಬ ಮನುಷ್ಯ ಅವನ್ನು ಓದಲಿಕ್ಕೆಂದು ಕೇಳಿದ್ದು ಇದೇ ಮೊದಲು. ಅದರಿಂದ ನನ್ನ ಸಿಟ್ಟೇನೂ ಕರಗಲಿಲ್ಲ. ಸಿಟ್ಟಿನ ಲೆಕ್ಕ ಮಾತ್ರ ಬದಲಾಯಿತು. ಭಾನುವಾರ ಜನರ ನಡುವೆ ಹೇಳಿದರೆ ಮಾಸ್ತರರಿಗೆ ಅವಮಾನವಾಗುತ್ತದೆ, ಅವಮಾನವಾದವರಿಗೆ ಸಿಟ್ಟು ಬರುತ್ತದೆ, ಸಿಟ್ಟಿನಲ್ಲಿ ಅವರು ನನ್ನನ್ನು ಬೈದು ಹಗುರಾಗುತ್ತಾರೆ. ಅಷ್ಟು ಸುಲಭಕ್ಕೆ ಬಿಡಬಾರದು. ಒಬ್ಬರೇ ಕೂತು, ತಾವೇ ಪುಟ ತಿರುವಿ, ತಾವೇ ತಿಳಿದುಕೊಳ್ಳಬೇಕು, ನಾನು ತಿಳಿದುಕೊಂಡಂತೆ. ನನ್ನ ಚೀಟಿಯ ಮೇಲೆ 'ಹೌದು' ಎಂದು ಬರೆದೆ. ಪರ್ಸಿನಲ್ಲಿದ್ದ ಹಳೆಯ ಚೀಟಿಯನ್ನು ಹರಿದು ಕಸದ ಬುಟ್ಟಿಗೆ ಹಾಕಿದೆ. ಅದು ಓದುವುದಕ್ಕೆ ಮುಂಚೆ ಬರೆದದ್ದು.

ಶನಿವಾರ ನಾಲ್ಕು ಗಂಟೆಗೆ ಮಾಸ್ತರರನ್ನು ಕರೆಸಿದೆ. ಅವರಿಗೆ ಮೆಟ್ಟಿಲು ಕಷ್ಟವೆಂದು ಗೊತ್ತಿತ್ತು. ನಾನೇ ಅವರ ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವ ಸದ್ದನ್ನು ಒಳಗೆ ಕೂತು ಕೇಳಿದೆ.

"ಏನ್ರಿ ಬಾಯಾರ, ಪಟ್ಟಿಗೆ ಬಂತೇನು ನಮ್ಮ ಪುಸ್ತಕ?" ಎಂದು ಉಸಿರು ಬಿಡುತ್ತ ಕೂತರು.

"ಬಂದೈತ್ರಿ. ಮೂರನೇ ಸಾಲು ನೀವ ಹೇಳ್ರಿ ಅಂತ ಕರದೆ. ಅನುಮಾನ ಇದ್ದವರು ಯಾವ ಪುಟದಿಂದ ಶುರು ಮಾಡಬೇಕು?"

ಅವರ ಮುಖ ಅರಳಿತು. "ಅದಕ್ಕೇನು ಕೇಳತೀರಿ? ಆಕಿ ಪಾಠ. ನೂರಾ ಹದಿನಾಲ್ಕು."

"ಒಂದೆರಡು ಸಾಲು ಓದ್ರಿ. ಯಾವುದು ಹೇಳಬೇಕಂತ ಗುರ್ತ ಮಾಡಕೋತೀನಿ."

ಪುಸ್ತಕ ಅವರ ಕೈಗೆ ಕೊಟ್ಟೆ. ಅವರು ಪುಟ ತಿರುವಿದರು. ನೂರಾ ಹನ್ನೆರಡಕ್ಕೆ ಬಂದು ಮುಂದೆ ತಿರುವಿದರು, ಹಿಂದಕ್ಕೆ ಬಂದರು, ಬೆರಳಿಗೆ ಉಗುಳು ಹಚ್ಚಿ ಹಾಳೆ ಅಂಟಿಕೊಂಡಿದೆಯೇ ಎಂದು ನೋಡಿದರು. ಮತ್ತೆ ಪರಿವಿಡಿಗೆ ಹೋದರು. ಕೆಳಗೆ ಔಷಧಿ ಅಂಗಡಿಯಲ್ಲಿ ಯಾರೋ ಕೆಮ್ಮಿನ ಗುಳಿಗೆ ಕೇಳುತ್ತಿದ್ದರು.

"ಈ ಪ್ರತಿ ಕೆಟ್ಟೈತಿ" ಅಂದರು.

"ಎಲ್ಲಾ ಪ್ರತಿನೂ ಹಂಗ ಐತ್ರಿ. ಪ್ರೆಸ್ಸಿನವರನ್ನ ಕೇಳೀನಿ."

"ಆಗೂದಿಲ್ಲ. ಅವರು ಓದ್ಯಾರಲ್ಲ. ಎಂಜಿನಿಯರ ಸಾಹೇಬರು…" ಅವರೇ ನಿಂತರು. ಜೇಬಿನಿಂದ ಫೋನು ತೆಗೆದು ನಂಬರು ಒತ್ತಿದರು. ಕಿವಿ ಮಂದವಾದ್ದರಿಂದ ಸ್ಪೀಕರಿನಲ್ಲೇ ಮಾತಾಡುತ್ತಾರೆ.

"ಸಾಹೇಬರ, ಒಂದು ಮಾತು ಕೇಳಬೇಕಿತ್ತು. ನನ್ನ ಪುಸ್ತಕದಾಗ ಆಕಿ ಪಾಠ, ನೀವು ಓದಿದ್ರಲ್ಲ, ಅದರಾಗ ಯಾವುದು ನಿಮಗ ಭಾಳ ಹಿಡೀತು?"

"ಎಲ್ಲಾನೂ, ಮಾಸ್ತರ" ಎಂದಿತು ಫೋನು. "ಆ ಕೊನೀ ಭಾಗ ಐತಲ್ಲ, ಕಣ್ಣಾಗ ನೀರು ಬಂದುಬಿಟ್ಟುವು."

"ಹೌದ್ರಿ" ಎಂದು ಮಾಸ್ತರರು ಫೋನು ಇಟ್ಟರು.

ಒಂಬತ್ತು ವರ್ಷ ನಾನು ಕಲ್ಪಿಸಿಕೊಂಡಿದ್ದ ಮುಖ ಅದೇ. ಎದುರಿಗೇ ಇತ್ತು. ಕಣ್ಣು ತೆಗೆಯದೆ ನೋಡಿದೆ. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

"ನೀವು ನೋಡಲಿಲ್ಲೇನ್ರಿ, ಪುಸ್ತಕ ಬಂದ ಕೂಡಲೆ?" ಎಂದು ಕೇಳಿದೆ.

"ಆ ಪಾಠ ಬರದ ಮ್ಯಾಲ ಮತ್ತ ತೆಗದು ನೋಡಾಕ ಧೈರ್ಯ ಆಗಿಲ್ಲ" ಅಂದರು. ಆಮೇಲೆ ಮೆಲ್ಲಗೆ, "ಹಂಗಾರ ಪೂರಾ ಓದಿದವರು ಯಾರು?"

"ನಾನು. ಮತ್ತ ಫರಶಿ ಹಾಸೋ ಒಬ್ಬಾಂವ."

ಅವರು ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. ನಂತರ, "ಪಟ್ಟಿಯಿಂದ ತೆಗದುಬಿಡ್ರಿ" ಅಂದರು.

"ಆಗೂದಿಲ್ರಿ. ಎರಡೂ ಚೀಟಿ ಹೌದು ಅಂತ ಬಂದಾವು. ನಾ ಓದಿ ಬರದೀನಿ, ಓದದ ಬರದಿಲ್ಲ." ಕೊನೆಯ ಮಾತನ್ನು ಒತ್ತಿ ಹೇಳಿದೆ. ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ಮೂರು ಸಾಲು ಬರೆದು ಸಭೆಯಲ್ಲಿ ಓದಿದ್ದನ್ನೇ ಅವರು ಮರೆತಿದ್ದರು. ಆ ಹೊತ್ತಿನಲ್ಲಿ ಹುಟ್ಟಿದ ಸಿಟ್ಟು ಹಿಂದಿನ ಎಲ್ಲ ವರ್ಷಗಳದ್ದಕ್ಕಿಂತ ದೊಡ್ಡದಿತ್ತು. ಇಳಿಯುವಾಗ ಕೈ ಹಿಡಿಯಲು ನಾನು ಏಳಲಿಲ್ಲ.

ಭಾನುವಾರ ಜನ ತುಂಬಿದ್ದರು. ಮೆಟ್ಟಿಲ ತುದಿಯಲ್ಲಿ ಒಂದು ಸ್ಟೂಲಿನ ಮೇಲೆ ಮಾಸ್ತರರು ಕೂತಿದ್ದರು, ತೊಡೆಯ ಮೇಲೆ ಝೆರಾಕ್ಸ್ ಹಾಳೆಗಳ ಕಟ್ಟು. ಮನೆಯಲ್ಲಿದ್ದ ಕರಡಿನಿಂದ ಆ ಹದಿನಾರು ಪುಟಗಳನ್ನು ತೆಗೆಸಿ, ಪಿನ್ನು ಹಾಕಿ ತಂದಿದ್ದರು. ಬಂದವರಿಗೆಲ್ಲ ಒಂದೊಂದು ಕೊಡುತ್ತಿದ್ದರು, ಏನೂ ಹೇಳದೆ. ಎಂಜಿನಿಯರು ಬಂದಾಗ ಮಾತ್ರ ಬಾಯಿ ಬಿಟ್ಟರು.

"ತಗೋರಿ ಸಾಹೇಬರ. ನೀವು ಓದಿ ಅತ್ತ ಪಾಠ. ಪುಸ್ತಕದಾಗ ಅಚ್ಚಾಗಿಲ್ಲ ಅದು."

ಹಿಂದೆ ನಿಂತಿದ್ದ ಬೇಳೆ ವ್ಯಾಪಾರಿ ತಾವಾಗಿಯೇ ಕೈ ಚಾಚಿ ಒಂದು ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ಫರಶಿಯವನು ಎರಡು ಕೈಯಲ್ಲಿ ತೆಗೆದುಕೊಂಡು ಅಲ್ಲೇ ಗೋಡೆಗೆ ಒರಗಿ ಕೂತು ಓದತೊಡಗಿದ, ನಾನು ಪಟ್ಟಿ ಓದುವುದನ್ನೂ ಅವನು ಕೇಳಲಿಲ್ಲ.

ನಾನು ಓದಿದೆ. ಹಕ್ಕಿಯದು, ಕವಿತೆ, ಜೋಳದ ಅಡುಗೆ, ಒಂದೊಂದಾಗಿ. ಏಳನೆಯದಕ್ಕೆ ಬಂದೆ. ಹೈದರಾಬಾದಿನಲ್ಲಿ ಕನ್ನಡ ಉಳಿಸಿದ ಒಬ್ಬ ಮೇಷ್ಟ್ರ ಬದುಕು, ನೇರವಾಗಿದೆ, ಚೆನ್ನಾಗಿದೆ. ಮನೆಯಲ್ಲಿ ಓದಲಾರದ ಮಕ್ಕಳಿರುವವರು ತಪ್ಪದೆ ಓದಿಸಿಕೊಳ್ಳಿ. ಅನುಮಾನವಿದ್ದವರು ನೂರಾ ಹದಿನಾಲ್ಕನೆಯ ಪುಟದಿಂದ ಶುರುಮಾಡಿ. ಆ ಪುಟ ಪುಸ್ತಕದಲ್ಲಿಲ್ಲ, ಬಿಡುಗಡೆಯ ದಿನದಿಂದ ಇವತ್ತಿನವರೆಗೆ ಅದು ಇಲ್ಲವೆಂದು ಯಾರಿಗೂ ಗೊತ್ತಾಗಿರಲಿಲ್ಲ, ಲೇಖಕರಿಂದ ಕೇಳಿ ಪಡೆಯಿರಿ. ಕೋಣೆಯಲ್ಲಿ ಯಾರೂ ನಗಲಿಲ್ಲ. ಎಂಜಿನಿಯರು ಕನ್ನಡಕ ಒರೆಸಿಕೊಳ್ಳುತ್ತಲೇ ಇದ್ದರು.

ಎಲ್ಲರೂ ಹೋದ ಮೇಲೆ ಮಾಸ್ತರರು ಉಳಿದರು. ಮೊಣಕಾಲಿಗೆ ಸ್ವಲ್ಪ ಆರಾಮ ಕೊಟ್ಟು ಇಳಿಯುತ್ತೇನೆ ಎಂದರು. ನಾನು ಮನೆಯಿಂದ ತಂದಿದ್ದ ಚೀಲ ಬಿಚ್ಚಿ ನನ್ನ ಪುಸ್ತಕ ತೆಗೆದು ಅವರ ಮುಂದಿಟ್ಟೆ, ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲು.

"ಇದೇನ್ರಿ?"

"ನೀವು ಒಂಬತ್ತು ವರ್ಷದ ಹಿಂದ ಓದಿ ಬರದ ಪುಸ್ತಕ. ನಿಮ್ಮ ಕೈಯಾಗಿದ್ದ ಪ್ರತಿನೂ ಇದ. ನಲವತ್ತೊಂಬತ್ತನೇ ಪುಟ ತಗೀರಿ."

ಅವರು ತೆಗೆದರು. ಬೆರಳು ಹಾಳೆಯ ಒಳಗೆ ಹೋಗಿ ಮೇಲ್ತುದಿಯಲ್ಲಿ ತಡೆಯಿತು. ಎತ್ತಿ ಬೆಳಕಿಗೆ ಹಿಡಿದರು. ಅಂಟಿಕೊಂಡ ಹಾಳೆಗಳನ್ನು ಒಂದು, ಎರಡು ಎಂದು ಬೆರಳಲ್ಲೇ ಎಣಿಸಿದರು. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ನಿನ್ನೆಯಷ್ಟೇ ಇದೇ ಕುರ್ಚಿಯಲ್ಲಿ ಪಾಠವಾಗಿತ್ತು.

"ತಪ್ಪಾತ್ರಿ…" ಎಂದು ಶುರುಮಾಡಿದರು.

"ಅದು ಬ್ಯಾಡ್ರಿ. ಕೊಯ್ರಿ."

ಅವರು ಸ್ಕೇಲು ಎತ್ತಿಕೊಂಡರು. ಹಳೆಯ ಕಾಗದ, ಒಣಗಿತ್ತು. ಮೊದಲ ಮಡಿಕೆ ಕೊಯ್ಯುವಾಗ ಅಂಚು ಹರಿದೀತೆಂದು ಮೆಲ್ಲಗೆ ಎಳೆದರು. ಎರಡು, ಮೂರು, ನಾಲ್ಕು. ಒಂದೊಂದರ ಸದ್ದನ್ನೂ ನಾನು ಕೇಳಿದೆ. ವಾಚನಾಲಯದಲ್ಲಿ ಕೂತು ಓದುವವರಿಗೆ ಕೆಳಗಿನಿಂದ ಚಹ ತರಿಸುವುದು ನನ್ನ ಪದ್ಧತಿ. ಅವತ್ತು ತರಿಸಲಿಲ್ಲ. ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತು, ಅವರು ಪ್ರತಿ ಸಾಲಿನ ಮೇಲೆ ಬೆರಳಿಟ್ಟು ಓದುವುದನ್ನು ಕಾದೆ.

ಆ ಪುಟಗಳಲ್ಲಿರುವುದು ಒಬ್ಬ ಹೆಂಗಸಿನ ಕತೆ. ಪ್ರತಿ ತಿಂಗಳು ಅಂಗೈಯಗಲದ ಒಂದು ತುಂಡು ಬಟ್ಟೆ ಹಿಡಿದು ನಮ್ಮ ಕೌಂಟರಿಗೆ ಬರುತ್ತಿದ್ದಳು. ಮಗಳ ಲಂಗದ ತುಂಡು ಅದು, ಅದೇ ಬಣ್ಣ ಬೇಕು ಅನ್ನುತ್ತಿದ್ದಳು. ಮಗಳು ಬದುಕಿರಲಿಲ್ಲ. ನಾನು ಏಳು ವರ್ಷ ಬಟ್ಟೆಯ ಥಾನು ಬಿಚ್ಚಿ ತೋರಿಸಿದೆ, ಅವಳು ಬಾಗಿಲಿಗೆ ಒಯ್ದು ಬಿಸಿಲಲ್ಲಿ ಹಿಡಿದು ನೋಡಿ ಅಲ್ಲ ಎಂದು ತಲೆ ಆಡಿಸುತ್ತಿದ್ದಳು.

ಒಂದು ತಾಸಿಗೂ ಮೇಲಾಯಿತು. ಮಾಸ್ತರರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಅರವತ್ತನಾಲ್ಕನೆಯ ಪುಟದ ಕೊನೆಯ ಸಾಲಿನ ಮೇಲೆ ಬೆರಳು ನಿಂತಿತ್ತು. ತಲೆ ಎತ್ತಿ, ನಾನು ಯಾರು, ಯಾಕೆ ಎದುರಿಗೆ ಕೂತಿದ್ದೇನೆ ಎಂಬುದನ್ನೇ ಮರೆತವರಂತೆ ಕೇಳಿದರು.

"ಆ ಹೆಣ್ಮಗಳಿಗೆ ಆ ಬಣ್ಣ ಕಡೀಗೆ ಸಿಕ್ತೇನ್ರಿ?"

"ಮುಂದಿನ ಹಾಳಿ ತಿರುವ್ರಿ, ಮಾಸ್ತರ" ಅಂದೆ.